ಪಚಡಿಯ ಕಾವಲು

ನನ್ನ ಓರಗೆಯ ಹುಡುಗಿಯರಿಗೆ ಮನೆಯಲ್ಲಿ ಮೊದಲು ಹಚ್ಚುತ್ತಿದ್ದ ಕೆಲಸ ಅಂಗಳ ಗುಡಿಸುವುದೋ ತಂಬಿಗೆ ಬೆಳಗುವುದೋ ಆಗಿರುತ್ತಿತ್ತು. ನನಗೆ ಹಚ್ಚಿದ ಮೊದಲ ಕೆಲಸ ನೋಡುವುದು. ಅಡುಗೆಮನೆಯಲ್ಲಿ ಈಳಿಗೆಯ ಎದುರಿಗೆ ಒಂದು ಮಣೆ ಹಾಕಿ ನನ್ನನ್ನು ಕೂರಿಸಿ, ಚಿಗವ್ವ, ಅಂದರೆ ನನ್ನ ಮಲತಾಯಿ, ಸೊಪ್ಪು ಹೆಚ್ಚಿ, ಹಣ್ಣು ಬಿಡಿಸಿ, ಕಲಸಿ ಮುಗಿಸುವ ತನಕ ಅವಳ ಕೈ ಮೇಲಿಂದ ಕಣ್ಣು ಕಿತ್ತು ಮುಖ ನೋಡಬಾರದು ಎಂದು ಅಜ್ಜಿ ಅಪ್ಪಣೆ ಮಾಡಿದ್ದಳು.

"ಮಾರಿ ನೋಡಬ್ಯಾಡ ಗಿರಿಜೀ, ಕೈ ನೋಡು. ಮಾರಿ ನಮ್ಮನ್ನ ನೋಡಿ ನಗತೈತಿ. ಅಷ್ಟ್ರಾಗ ಕೈ ತನ್ನ ಕೆಲಸ ಮಾಡಿ ಮುಗಿಸಿರತೈತಿ."

ಹೊಸಪೇಟೆಯ ಬಜಾರಿನ ಹಿಂದಿನ ಓಣಿಯಲ್ಲಿ ನಮ್ಮದು ಮಣ್ಣಿನ ಮಾಳಿಗೆ ಮನೆ. ಗೋಡೆಗಳು ದಪ್ಪ, ಕಿಟಕಿಗಳು ಕಡಿಮೆ. ಮುಂದೆ ಪಡಸಾಲೆ, ಅದರ ಪಕ್ಕಕ್ಕೆ ದೇವರ ಜಗಲಿ ಇದ್ದ ಅಜ್ಜಿಯ ಕೋಣೆ, ಹಿಂದೆ ಅಡುಗೆಮನೆ, ಅದರಾಚೆ ಬಚ್ಚಲು, ಹಿತ್ತಲು, ಎಮ್ಮೆ ಕಟ್ಟುವ ಚಪ್ಪರ. ಅಡುಗೆಮನೆಗೆ ಬೆಳಕು ಬರುತ್ತಿದ್ದದ್ದು ಮಾಳಿಗೆಯ ನಡುವೆ ಕೊರೆದಿದ್ದ ಒಂದು ಬೆಳಕಿಂಡಿಯಿಂದ ಮಾತ್ರ. ಬೆಳಿಗ್ಗೆ ಆ ಬೆಳಕು ಒಲೆಯ ಹತ್ತಿರ ಬೀಳುತ್ತಿತ್ತು, ಹೊತ್ತು ಏರಿದಂತೆ ಸರಿಯುತ್ತಾ ಬಂದು ಗುಂತಕಲ್ಲಿನ ರೈಲುಗಾಡಿ ಕೂಗುವ ಹೊತ್ತಿಗೆ ಈಳಿಗೆಯ ಮೇಲೆ ನಿಲ್ಲುತ್ತಿತ್ತು. ಮಿಕ್ಕ ಮೂಲೆಗಳಲ್ಲಿ ಹಗಲೂ ಕತ್ತಲೆ. ಯಾರ ಕೈ ಎಲ್ಲಿದೆ ಎಂದು ಕಾಣದಂಥ ಆ ಕತ್ತಲೆಯೇ ಅಜ್ಜಿಗೆ ದೊಡ್ಡ ಚಿಂತೆ. ಅಪ್ಪನಿಗೆ ಬಜಾರಿನಲ್ಲಿ ಬೆಲ್ಲದ ಅಂಗಡಿ ಇತ್ತು. ಮಧ್ಯಾಹ್ನದ ಗಾಡಿ ಹೋದ ಮೇಲೆ ಅಂಗಡಿಗೆ ಕೀಲಿ ಹಾಕಿ, ಮನೆಗೆ ಬಂದು, ಮೈ ತೊಳೆದು, ಲಿಂಗಪೂಜೆ ಮುಗಿಸಿ ಊಟಕ್ಕೆ ಕೂರುತ್ತಿದ್ದ. ನನ್ನನ್ನು ಹೆತ್ತವ್ವ ನಾನು ತೊಟ್ಟಿಲಲ್ಲಿದ್ದಾಗಲೇ ತೀರಿಕೊಂಡಿದ್ದಳು. ಅವಳ ಮುಖ ನನಗೆ ನೆನಪಿಲ್ಲ, ಅದರ ಬಗ್ಗೆ ಮನೆಯಲ್ಲಿ ಮಾತೂ ಇರಲಿಲ್ಲ. ಅಜ್ಜಿಯ ಕೈಯಲ್ಲೇ ಬೆಳೆದೆ.

ಅಜ್ಜಿಯ ಕಾಲದ ಊಟವೆಂದರೆ ಜೋಳದ ರೊಟ್ಟಿ, ಒಂದು ಕಾಳಿನ ಪಲ್ಯ, ಹಿಂಡಿ ಎನ್ನುವ ಖಾರದ ಚಟ್ನಿ, ಮಜ್ಜಿಗೆ. ಹಸಿ ಸೊಪ್ಪು ನಮಗೆ ಹೊಸದಲ್ಲ. ಕಮಲಾಪುರದ ಕಡೆಯಿಂದ ತಲೆಹೊರೆ ತರುತ್ತಿದ್ದ ಹೆಂಗಸರ ಬುಟ್ಟಿಯಲ್ಲಿ ಎಳೆ ಮೆಂತ್ಯ, ಹಕ್ಕರಕಿ, ಉಳ್ಳಾಗಡ್ಡಿ ತಪ್ಪಲು, ಮೂಲಂಗಿ ಇದ್ದೇ ಇರುತ್ತಿದ್ದವು. ಅದನ್ನು ತೊಳೆದು, ಜಾಡಿಸಿ, ಬೇರು ಚಿವುಟಿ, ಇಡಿಯಾಗಿ ರೊಟ್ಟಿಯ ಪಕ್ಕ ಇಟ್ಟರೆ ಆಯಿತು. ರೊಟ್ಟಿ ಮುರಿ, ಎಲೆ ಸುತ್ತು, ಹಿಂಡಿಯಲ್ಲಿ ಅದ್ದು, ತಿನ್ನು. ಆ ಇಡಿ ಎಲೆಯನ್ನು ಅಜ್ಜಿ ನಂಬುತ್ತಿದ್ದಳು. ಎಲೆಯ ಹಿಂದು ಮುಂದು ಕಾಣುತ್ತದೆ, ಹುಳ ಇದ್ದರೆ ಕಾಣುತ್ತದೆ, ಬೇರೇನಾದರೂ ಸವರಿದ್ದರೆ ಅದೂ ಕಾಣುತ್ತದೆ. ಬೇಯಿಸಿದ್ದನ್ನೂ ನಂಬುತ್ತಿದ್ದಳು, ಬೆಂಕಿ ದಾಟಿ ಬಂದದ್ದರಲ್ಲಿ ಮದ್ದು ಉಳಿಯುವುದಿಲ್ಲ ಎಂದು. ಇವೆರಡರ ನಡುವಿನ ಸಣ್ಣಗೆ ಹೆಚ್ಚಿದ, ಕಲಸಿದ, ಬೇಯಿಸದ ಯಾವುದನ್ನೂ ಅವಳು ಬಾಯಿಗೆ ಇಡುತ್ತಿರಲಿಲ್ಲ.

ಮದ್ದು ಎಂದರೆ ವೈದ್ಯರು ಕೊಡುವುದಲ್ಲ. ಊಟದಲ್ಲಿ ಕಲಸಿ ಕೊಟ್ಟು ಗಂಡಸನ್ನು ಹೇಳಿದ ಹಾಗೆ ಕುಣಿಸುವ, ಇಲ್ಲವೆ ಒಳಗೊಳಗೇ ಸವೆಸಿ ಹಾಕುವ ಮದ್ದು. ನಮ್ಮ ಅಜ್ಜ ಎತ್ತಿನ ವ್ಯಾಪಾರಕ್ಕೆಂದು ಸಂಡೂರಿನ ಕಡೆ ಹೋಗಿ ಬರುತ್ತಿದ್ದವನು ಹೊಟ್ಟೆನೋವು ಹಿಡಿದು, ಉಂಡದ್ದು ಮೈಗೆ ಹತ್ತದೆ, ಕಡ್ಡಿಯಂತಾಗಿ ಸತ್ತನಂತೆ. ಕಾಯಿಲೆ ಏನೆಂದು ಯಾರಿಗೂ ತಿಳಿಯಲಿಲ್ಲ. ಅಜ್ಜಿಗೆ ಮಾತ್ರ ತಿಳಿದಿತ್ತು. ಆ ಊರಲ್ಲಿ ಯಾರ ಮನೆಯಲ್ಲೋ ಅವನು ಸೀತಾಫಲದ ತಿರುಳನ್ನು ಹಾಲಿನಲ್ಲಿ ಕಲಸಿ ಕೊಟ್ಟದ್ದನ್ನು ಕುಡಿದಿದ್ದ. ಯಾರು ಕೊಟ್ಟರು, ಯಾಕೆ ಕೊಟ್ಟರು ಎಂದು ಕೇಳಿದರೆ ಅಜ್ಜಿ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಗೋಡೆ ನೋಡುತ್ತಿದ್ದಳು. ಸೀತಾಫಲ ನಮ್ಮ ಹೊಸ್ತಿಲು ದಾಟಿ ಒಳಗೆ ಬಂದದ್ದನ್ನು ನಾನು ಕಾಣೆ.

ಇಂಥ ಮನೆಗೆ ಕಂಪ್ಲಿಯಿಂದ ನನ್ನ ಚಿಗವ್ವ ಬಂದಳು, ಅಪ್ಪನ ಎರಡನೆಯ ಹೆಂಡತಿಯಾಗಿ. ಹೆಸರು ನೀಲಮ್ಮ. ಅವಳ ತವರಿನವರದು ಹೊಳೆದಂಡೆಯ ತೋಟ. ನೀರು ಇಳಿದ ಮೇಲೆ ಮರಳಿನಲ್ಲೇ ಪಾತಿ ಮಾಡಿ ಸೌತೆ, ಕರಬೂಜ ಬೆಳೆಯುತ್ತಿದ್ದರು, ದಡದ ಮೇಲೆ ಪೇರಲ, ದಾಳಿಂಬೆ, ನಿಂಬೆ. ತೋಟದಲ್ಲೇ ಉಂಡು ಬೆಳೆದವಳಿಗೆ ಒಲೆಯ ಮುಂದಿನ ಅಡುಗೆಗಿಂತ ಕೈಗೆ ಸಿಕ್ಕಿದ್ದನ್ನು ಹೆಚ್ಚಿ ಕಲಸುವುದು ಚೆನ್ನಾಗಿ ಬರುತ್ತಿತ್ತು. ಬಂದ ಹೊಸತರಲ್ಲೇ ಒಂದು ದಿನ ಅವಳು ಆ ಪಚಡಿ ಮಾಡಿದಳು. ಎಳೆ ಮೆಂತ್ಯ ಮತ್ತು ಹಕ್ಕರಕಿಯನ್ನು ಕೂದಲೆಳೆಯಂತೆ ಹೆಚ್ಚಿ, ಸೌತೆಕಾಯಿಯನ್ನು ಸಣ್ಣ ಹೋಳು ಮಾಡಿ, ಅರೆಹಣ್ಣಾದ ಪೇರಲವನ್ನು ಬೀಜ ತೆಗೆದು ಕೊಚ್ಚಿ, ಮೇಲೆ ದಾಳಿಂಬೆ ಕಾಳು ಉದುರಿಸಿ, ಶೇಂಗಾ ಪುಡಿ, ಉಪ್ಪು, ಹಸಿಮೆಣಸಿನಕಾಯಿ, ಕಡೆಯಲ್ಲಿ ನಿಂಬೆಹಣ್ಣು ಹಿಂಡಿ, ಅಪ್ಪ ತಟ್ಟೆಯ ಮುಂದೆ ಕೂತ ಮೇಲೆ ಕಲಸಿ ಹಾಕಿದಳು. ಹಸಿರಿನ ನಡುವೆ ಕೆಂಪು ಕಾಳು ಮಿಣಮಿಣ ಎನ್ನುತ್ತಿದ್ದವು. ಹಣ್ಣನ್ನು ನಾವು ಪೂಜೆಗೆ ಇಡುತ್ತಿದ್ದೆವು, ಬಾಣಂತಿಗೋ ಜ್ವರದವರಿಗೋ ಕೊಡುತ್ತಿದ್ದೆವು. ರೊಟ್ಟಿಯ ಜೊತೆ ಮೆಣಸಿನಕಾಯಿ ಹಾಕಿ ತಿನ್ನುವುದನ್ನು ಕಂಡಿರಲಿಲ್ಲ. ಊಟದಲ್ಲಿ ಎಂದೂ ಮಾತಾಡದ ಅಪ್ಪ ತಟ್ಟೆ ಮುಂದಕ್ಕೆ ಸರಿಸಿದ.

"ಇನ್ನಷ್ಟು ಐತೇನು?"

ಅಜ್ಜಿ ಬಾಗಿಲಲ್ಲಿ ನಿಂತಿದ್ದಳು. ಮಗ ಮತ್ತೊಮ್ಮೆ ಬಡಿಸು ಎಂದು ಕೇಳಿದ್ದನ್ನು ಅವಳು ಅದೇ ಮೊದಲ ಸಲ ಕೇಳಿದ್ದು. ನಾನು ಅವಳ ಮುಖ ನೋಡಿದೆ. ಸಂತೋಷ ಆದವರ ಮುಖ ಅದಲ್ಲ.

ಮುಂದೆ ಅಪ್ಪ ಗಾಡಿ ಕೂಗುವ ಮುಂಚೆಯೇ ಮನೆಗೆ ಬರತೊಡಗಿದ. ಊಟ ಆದ ಮೇಲೆ ಅಂಗಡಿಗೆ ಓಡದೆ ಪಡಸಾಲೆಯಲ್ಲಿ ಒಂದು ಗಳಿಗೆ ಅಡ್ಡಾಗತೊಡಗಿದ. ಒಮ್ಮೊಮ್ಮೆ ನಗುತ್ತಲೂ ಇದ್ದ. ಇದನ್ನೆಲ್ಲ ಅಜ್ಜಿ ಒಂದೊಂದಾಗಿ ಎತ್ತಿ ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತಿದ್ದಳು. ಅದಕ್ಕೆ ಸರಿಯಾಗಿ ಪಕ್ಕದ ಮನೆಯ ತಿಪ್ಪಮ್ಮ, ಒಲೆ ಹೊತ್ತಿಸಲು ಕೆಂಡ ಕೇಳಲು ಬಂದವಳು, ಚಿಗವ್ವನ ಬೆರಳುಗಳನ್ನು ನೋಡಿದಳು. ತುದಿಗಳೆಲ್ಲ ಕರ್ರಗೆ. ದಾಳಿಂಬೆಯ ಸಿಪ್ಪೆ ಬಿಡಿಸಿ ಕಬ್ಬಿಣದ ಈಳಿಗೆ ಹಿಡಿದರೆ ಯಾರ ಬೆರಳಾದರೂ ಹಾಗಾಗುತ್ತದೆ. ಆದರೆ ನಮ್ಮ ಓಣಿಯಲ್ಲಿ ಹೆಂಗಸರು ಯಾರೂ ದಿನಾ ದಾಳಿಂಬೆ ಬಿಡಿಸಿದವರಲ್ಲ.

"ಅಯ್ಯ, ಏನ್ ಬೇ ಇದು, ಹೊಸ ಸೊಸಿ ಬೆರಳು ಕಾಡಿಗಿ ತೀಡಿದಂಗ ಅದಾವು?" ಎಂದು ಹಿತ್ತಲಲ್ಲಿ ಅಜ್ಜಿಯ ಕಿವಿಗೆ ಬಾಯಿಟ್ಟು ಹೇಳಿದ್ದು ನನಗೂ ಕೇಳಿಸಿತು. "ನಿನ್ನ ಮಗ ಈಗೀಗ ಹೊತ್ತಿಗೆ ಮುಂಚೆ ಮನಿಗೆ ಓಡಿ ಬರ್ತಾನಂತಲ್ಲ. ನಾ ಏನೂ ಅನ್ನಂಗಿಲ್ಲವ್ವ. ಕಂಡದ್ದು ಅಂದೆ."

ಏನೂ ಅನ್ನುವುದಿಲ್ಲ ಎಂದು ಅವಳು ಅಂದು ಹೋದದ್ದು ಅಷ್ಟೇ. ಮರುದಿನದಿಂದ ಮನೆಯಲ್ಲಿ ಹೊಸ ಕಟ್ಟಳೆ ಬಂತು. ಪಚಡಿ ಬೇಡ ಎಂದು ಅಜ್ಜಿ ಹೇಳಬಹುದಿತ್ತು. ಆದರೆ ಮಗ ಆಸೆಪಟ್ಟು ಕೇಳಿದ್ದನ್ನು ತಪ್ಪಿಸಿದರೆ ಅವನು ತನ್ನ ಮೇಲೇ ಸಿಟ್ಟಾಗುತ್ತಾನೆ ಎಂಬ ಅಂಜಿಕೆ ಅವಳಿಗಿತ್ತು. ಊಟದ ಹೊತ್ತಿಗೆ ಮುಂಚೆ ಅಜ್ಜಿ ತನ್ನ ಕೋಣೆಯಲ್ಲಿ ಲಿಂಗಪೂಜೆಗೆ ಕೂರುತ್ತಿದ್ದಳು. ಕಣ್ಣು ಮುಚ್ಚಿ ಬಹಳ ಹೊತ್ತು ಕೂರುವ ಪೂಜೆ. ಆ ಹೊತ್ತಿನಲ್ಲಿ ಅಡುಗೆಮನೆ ಚಿಗವ್ವ ಒಬ್ಬಳದೇ. ಅದಕ್ಕೆ ಅಜ್ಜಿ ಕಂಡುಕೊಂಡ ದಾರಿ ಇದು: ಪಚಡಿ ಬೆಳಿಗ್ಗೆಯೇ ಆಗಬೇಕು, ನಾನು ಎದುರು ಕೂತು ನೋಡಬೇಕು, ಆದ ಕೂಡಲೇ ಅದನ್ನು ಅಜ್ಜಿಯ ಹಿತ್ತಾಳೆ ಬೋಗುಣಿಗೆ ಸುರಿದು, ಮುಚ್ಚಳ ಮುಚ್ಚಿ, ಅಜ್ಜಿಯ ಕೋಣೆಯಲ್ಲಿ ಜಗಲಿಯ ಪಕ್ಕ ಇಡಬೇಕು. ಅಪ್ಪ ಕೂತ ಮೇಲೆ ಅಜ್ಜಿಯೇ ತಂದು ಬಡಿಸುತ್ತಾಳೆ.

"ಉಪ್ಪು, ಹುಳಿ ಬಿದ್ದ ಮ್ಯಾಲೆ ಸೊಪ್ಪು ಕಾಯಂಗಿಲ್ರಿ ಅತ್ತೀ," ಎಂದಳು ಚಿಗವ್ವ. "ನೀರು ಬಿಟ್ಟು ಜೋತು ಬೀಳತೈತಿ. ಕಲಸಿದ ಕೈಗೇ ಉಣಬೇಕ್ರಿ ಇದನ್ನ."

"ಜೋತು ಬಿದ್ರ ಬೀಳ್ಲಿ. ಮೆತ್ತಗಾದ್ರೂ ನನ್ನ ಮಗ ತಿಂತಾನ."

"ಹಂಗಾರ ನಿಂಬಿಹಣ್ಣು ಆಮ್ಯಾಲೆ ಹಿಂಡತೀನ್ರಿ, ಬಡಿಸೋ ಮುಂದ."

"ಆಮ್ಯಾಲೆ ಏನೂ ಹಾಕೋದು ಬ್ಯಾಡ. ಹಾಕೋದೆಲ್ಲ ಈ ಹುಡಿಗಿ ಮುಂದ ಹಾಕು."

ಹೀಗೆ ನಾನು ಆ ಮಣೆಯ ಮೇಲೆ ಕೂತೆ. ಚಳಿಗಾಲದ ಬೆಳಗು. ಒಲೆಯ ಕಡೆ ಬಿದ್ದ ಬೆಳಕಿನಲ್ಲಿ ಹೊಗೆ ಸುತ್ತುತ್ತಿರುತ್ತಿತ್ತು. ಚಿಗವ್ವ ಈಳಿಗೆಯ ಮಣೆಯನ್ನು ಬಲಗಾಲಿನಿಂದ ಒತ್ತಿ ಹಿಡಿದು, ತೊಳೆದ ಮೆಂತ್ಯವನ್ನು ಹಿಡಿಯಾಗಿ ಕಟ್ಟಿ ಅಲಗಿಗೆ ಒಡ್ಡುತ್ತಿದ್ದಳು. ಅವಳು ಕೈಯನ್ನು ಆಡಿಸುತ್ತಿದ್ದಾಳೋ ಇಲ್ಲವೋ ತಿಳಿಯದ ಹಾಗೆ ಸೊಪ್ಪು ಎಳೆಎಳೆಯಾಗಿ ಕಲ್ಲಿನ ಮರಿಗೆಯಲ್ಲಿ ಬೀಳುತ್ತಿತ್ತು. ಪೇರಲದ ತಿರುಳು ಕೊಚ್ಚುವಾಗ ಒಂದು ವಾಸನೆ ಏಳುತ್ತಿತ್ತು, ಅದಕ್ಕೆ ನನ್ನ ಬಾಯಲ್ಲಿ ನೀರೂರುತ್ತಿತ್ತು. ದಾಳಿಂಬೆಯನ್ನು ಅವಳು ಹೆಚ್ಚುತ್ತಿರಲಿಲ್ಲ, ತಲೆಯ ಮೇಲೆ ಗೀರಿ ಒಡೆದು, ಹೋಳನ್ನು ಅಂಗೈಯಲ್ಲಿ ಬೋರಲು ಹಾಕಿ ಸೌಟಿನ ಹಿಡಿಯಿಂದ ತಟ್ಟುತ್ತಿದ್ದಳು. ಕಾಳು ಸುರಿಯುತ್ತಿದ್ದವು. ಹೀಗೆ ನೋಡಿ ನೋಡಿ ನನಗೆ ಆ ಕೆಲಸದ ಒಂದೊಂದು ಹೆಜ್ಜೆಯೂ ಬಾಯಿಪಾಠವಾಯಿತು. ಆದರೆ ನೋಡುವ ನನ್ನ ಕಣ್ಣು ಕಲಿಯುವವಳ ಕಣ್ಣಲ್ಲ, ಹುಡುಕುವವಳದು. ಬೆಳಿಗ್ಗೆಯೆಲ್ಲ ಹುಡುಕುವವರಿಗೆ ಏನಾದರೂ ಸಿಕ್ಕಿಯೇ ಸಿಗುತ್ತದೆ. ಅವಳು ಹೆಚ್ಚುವಾಗ ತುಟಿ ಆಡಿಸುತ್ತಿದ್ದದ್ದು ನನಗೆ ಸಿಕ್ಕಿತು. ಅಜ್ಜಿಗೆ ಹೇಳಿದೆ.

"ಏನಂತಾಳ?"

"ಕೇಳಿಸಂಗಿಲ್ಲ."

"ಕೇಳಿಸಬಾರ್ದು ಅಂತನ ಹಂಗ ಅಂತಾಳ," ಎಂದಳು ಅಜ್ಜಿ. ಆಮೇಲೆ ನಾನು ಮಣೆಯನ್ನು ಸ್ವಲ್ಪ ಸ್ವಲ್ಪವೇ ಮುಂದಕ್ಕೆ ಜರುಗಿಸಿಕೊಂಡು ಕಿವಿಗೊಟ್ಟೆ. ಅವಳು ತೋಟದ ಗಿಡಗಳನ್ನು ನೆನೆಸಿಕೊಳ್ಳುತ್ತಿದ್ದಳು. ಮೂಲೆಯ ನಿಂಬೆ ಹೂ ಬಿಟ್ಟಿರಬೇಕು, ಬಾವಿ ಹತ್ತಿರದ ಪೇರಲಕ್ಕೆ ಗಿಳಿ ಬಿದ್ದಿರಬೇಕು, ಅಣ್ಣ ಈ ಸಲ ಮರಳಿನಲ್ಲಿ ಎಷ್ಟು ಪಾತಿ ಹಾಕಿದನೋ ಏನೋ ಎಂದು ತನ್ನಷ್ಟಕ್ಕೆ ತಾನು ಮಾತಾಡಿಕೊಳ್ಳುತ್ತಿದ್ದಳು. ಅದನ್ನೂ ಅಜ್ಜಿಗೆ ಹೇಳಿದೆ. ಅಜ್ಜಿ ನಂಬಲಿಲ್ಲ. ನಿಜ ಹೇಳಬೇಕೆಂದರೆ ನಾನೂ ಪೂರ್ತಿ ನಂಬಲಿಲ್ಲ. ನಾನು ಹತ್ತಿರ ಬಂದದ್ದನ್ನು ನೋಡಿ ಮಾತು ಬದಲಿಸಿದಳೇನೋ ಎಂದುಕೊಂಡೆ. ಅವಳು ನನ್ನ ತಲೆ ಬಾಚುತ್ತಿದ್ದಳು, ಪಕ್ಕದಲ್ಲಿ ಮಲಗಿಸಿಕೊಳ್ಳುತ್ತಿದ್ದಳು, ನನಗೆ ಅವಳೆಂದರೆ ಜೀವ. ಆದರೂ ಬೆಳಗಾಗಿ ಮಣೆಯ ಮೇಲೆ ಕೂತರೆ ಅವಳ ಕೈ ಬೇರೆ ಯಾರದೋ ಕೈಯಂತೆ ಕಾಣುತ್ತಿತ್ತು.

ಬೋಗುಣಿಯ ಕೆಲಸ ಅಜ್ಜಿಯದು. ಅದನ್ನು ಬೇರೆ ಯಾರಿಗೂ ತೊಳೆಯಲು ಬಿಡುತ್ತಿರಲಿಲ್ಲ. ಊಟ ಮುಗಿದ ಮೇಲೆ ಬಚ್ಚಲ ಕಲ್ಲಿನ ಹತ್ತಿರ ಕುಕ್ಕರುಗಾಲಲ್ಲಿ ಕೂತು, ಇಟ್ಟಿಗೆ ಪುಡಿ, ಬೂದಿ, ಹುಣಸೆಹಣ್ಣು ಹಾಕಿ, ತೆಂಗಿನ ನಾರಿನಿಂದ ಒಳಗೂ ಹೊರಗೂ ತಿಕ್ಕುತ್ತಿದ್ದಳು. ಮೊದಲು ಹೊರಗೆ ಹಳದಿ, ಒಳಗೆ ತವರದ ಕಲಾಯಿಯ ಬಿಳುಪು ಇದ್ದ ಬೋಗುಣಿ ಅದು. ಏನಾದರೂ ಅಂಟಿಕೊಂಡು ಉಳಿದಿದ್ದರೆ ಎಂಬ ಅನುಮಾನಕ್ಕೆ ಅವಳು ದಿನಾ ಅಷ್ಟು ಬಲವಾಗಿ ತಿಕ್ಕುತ್ತಿದ್ದಳು ಎಂದರೆ, ಶಿವರಾತ್ರಿ ಬರುವ ಹೊತ್ತಿಗೆ ಒಳಗೂ ಹೊರಗೂ ಒಂದೇ ಬಣ್ಣವಾಗಿ ಥಳಥಳ ಹೊಳೆಯುತ್ತಿತ್ತು. ಕೋಣೆಯ ಕತ್ತಲಲ್ಲಿ ಅದನ್ನು ನೋಡಿ ಅಜ್ಜಿಗೆ ಸಮಾಧಾನ. ಎಷ್ಟು ಮಡಿ ಇದೆ ನೋಡು, ಇದರಲ್ಲಿ ಏನಿದ್ದರೂ ಕಾಣುತ್ತದೆ ಎನ್ನುತ್ತಿದ್ದಳು.

ಶಿವರಾತ್ರಿ ಕಳೆಯಿತು, ಪೇರಲ ಮುಗಿಯಿತು, ಮಾವಿನ ಮಿಡಿ ಬಂತು. ಆ ದಿನ ಚಿಗವ್ವ ಮೆಂತ್ಯ, ಸೌತೆ, ಕಡೆಗೆ ಸಿಕ್ಕಿದ ಒಂದು ದಾಳಿಂಬೆ, ಜೊತೆಗೆ ಹುಳಿ ಮಾವಿನಕಾಯಿಯನ್ನು ತುರಿದು ಹಾಕಿದಳು. ಅಜ್ಜಿಯ ಕಟ್ಟಳೆಯಂತೆ ನಿಂಬೆರಸವನ್ನೂ ನನ್ನೆದುರಿಗೇ ಹಿಂಡಿದಳು. ಬೋಗುಣಿಗೆ ಸುರಿದು, ಮುಚ್ಚಳ ಮುಚ್ಚಿ ನಾನೇ ಒಯ್ದು ಅಜ್ಜಿಗೆ ಕೊಟ್ಟೆ. ಬಿಸಿಲು ಆಗಲೇ ಜೋರಾಗಿತ್ತು. ಅಂದು ಗಾಡಿ ಬರುವುದು ತಡವಾಯಿತು, ಅಪ್ಪ ಬರುವುದೂ ತಡವಾಯಿತು.

ಅಪ್ಪ ಉಣ್ಣಲು ಕೂತಾಗ ಅವನ ಪಕ್ಕ ನನಗೂ ಒಂದು ಸಣ್ಣ ತಟ್ಟೆ. ಅಜ್ಜಿ ಬೋಗುಣಿ ತಂದು ಇಬ್ಬರಿಗೂ ಬಡಿಸಿದಳು. ನಾನು ಒಂದು ತುತ್ತು ಬಾಯಿಗಿಟ್ಟೆ. ಬೀಗದ ಕೈ ನೆಕ್ಕಿದ ಹಾಗಿತ್ತು. ಅಪ್ಪನೂ ಅಗಿಯುವುದನ್ನು ನಿಲ್ಲಿಸಿ ಒಂದು ಕ್ಷಣ ತಟ್ಟೆ ನೋಡಿದ. ಆದರೆ ನಮ್ಮ ಮನೆಯಲ್ಲಿ ತಟ್ಟೆಗೆ ಬಿದ್ದದ್ದು ಪ್ರಸಾದ. ಬೇಡವಾದರೆ ಬಡಿಸುವ ಮುಂಚೆ ಕೈ ಅಡ್ಡ ಹಿಡಿಯಬೇಕು, ಬಡಿಸಿದ ಮೇಲೆ ಒಂದು ಅಗುಳೂ ಉಳಿಸುವಂತಿಲ್ಲ. ಅಪ್ಪ ಕಣ್ಣು ಮುಚ್ಚಿ ಪೂರ್ತಿ ತಿಂದ, ತಟ್ಟೆಗೆ ನೀರು ಹಾಕಿ ತೊಳೆದು ಅದನ್ನೂ ಕುಡಿದ. ಅವನನ್ನು ನೋಡಿ ನಾನೂ ನುಂಗಿದೆ. ಎದ್ದು ಕೈ ತೊಳೆಯಲು ಹಿತ್ತಲಿಗೆ ಹೋದವನು ಅಲ್ಲೇ ಗೋಡೆ ಹಿಡಿದು ಕೂತು ವಾಂತಿ ಮಾಡಿದ. ಸ್ವಲ್ಪ ಹೊತ್ತಿಗೆ ನನ್ನ ಹೊಟ್ಟೆಯೂ ತೊಳೆಸಿ ಬಂತು. ಆ ಮಧ್ಯಾಹ್ನವೆಲ್ಲ ನಾವಿಬ್ಬರೂ ಪಡಸಾಲೆಯ ನೆಲದ ಮೇಲೆ ಬಿದ್ದುಕೊಂಡಿದ್ದೆವು. ಚಿಗವ್ವ ನೀರಿನ ತಂಬಿಗೆ ಹಿಡಿದು ಬಂದಳು. ಅಜ್ಜಿ ಅದನ್ನು ಅವಳ ಕೈಯಿಂದ ಕಸಿದು ಅಂಗಳಕ್ಕೆ ಚೆಲ್ಲಿದಳು.

"ಮುಟ್ಟಬ್ಯಾಡ. ನೀ ಇನ್ನ ಈ ಮನ್ಯಾಗ ಏನೂ ಮುಟ್ಟಬ್ಯಾಡ."

ಸಂಜೆಯ ಹೊತ್ತಿಗೆ ವಾಂತಿ ನಿಂತಿತು, ಮಜ್ಜಿಗೆ ಇಳಿಯಿತು. ಅಜ್ಜಿ ನನ್ನನ್ನು ಕೋಣೆಗೆ ಕರೆದು ಕದ ಮುಂದಕ್ಕೆ ಮಾಡಿದಳು.

"ಏನ್ ಹಾಕಿದ್ಲು?"

"ಸೊಪ್ಪು, ಸೌತಿಕಾಯಿ, ಮಾವಿನಕಾಯಿ, ದಾಳಿಂಬ್ರಿ, ಶೇಂಗಾ ಪುಡಿ, ಉಪ್ಪು, ನಿಂಬಿಹಣ್ಣು."

"ಮತ್ತ?"

"ಮತ್ತ ಏನಿಲ್ಲಜ್ಜಿ."

"ನೀ ಕಣ್ಣು ಮಿಟುಕಿಸಿದಾಗ?"

ಕಣ್ಣು ಮಿಟುಕಿಸದೆ ಕೂತಿದ್ದೆ ಎಂದು ಹೇಗೆ ಹೇಳಲಿ? ಉಳಿದ ಪಚಡಿ ಇದ್ದ ಬೋಗುಣಿಯ ಬಾಯಿಗೆ ಅಜ್ಜಿ ಬಟ್ಟೆ ಕಟ್ಟಿ, ಗಂಟು ಹಾಕಿ, ತನ್ನ ಕೋಣೆಯಲ್ಲೇ ಇಟ್ಟುಕೊಂಡಳು. ಬೆಳಗಾದ ಮೇಲೆ ಕಂಪ್ಲಿ ಕಡೆ ಹೋಗುವ ಬಂಡಿಯವನ ಕೈಯಲ್ಲಿ ಚಿಗವ್ವನ ಅಣ್ಣನಿಗೆ ಹೇಳಿ ಕಳಿಸಿದಳು, ಬಂದು ನಿಮ್ಮ ಹೆಣ್ಣನ್ನು ಕರೆದುಕೊಂಡು ಹೋಗಿ ಎಂದು. ಅಪ್ಪ ತಡೆಯಲಿಲ್ಲ. ಹೂಂ ಎನ್ನಲೂ ಇಲ್ಲ, ಊಹೂಂ ಎನ್ನಲೂ ಇಲ್ಲ. ತಾಯಿಯ ಮಾತಿಗೆ ಎದುರಾಡಿ ಅವನಿಗೆ ಅಭ್ಯಾಸವೇ ಇರಲಿಲ್ಲ.

ಅಣ್ಣ ಬರುವ ತನಕ ಚಿಗವ್ವ ಹಿತ್ತಲ ಚಪ್ಪರದಲ್ಲಿ ಎಮ್ಮೆಯ ಪಕ್ಕ ಇದ್ದಳು. ಅಜ್ಜಿ ಮಾಡಿದ ರೊಟ್ಟಿಯನ್ನು ಅಜ್ಜಿಯೇ ಒಯ್ದು ಇಟ್ಟು ಬರುತ್ತಿದ್ದಳು. ನನಗೆ ಅತ್ತ ಹೋಗಬೇಡ ಎಂದು ತಾಕೀತು. ಆದರೂ ಅಜ್ಜಿ ಪೂಜೆಗೆ ಕೂತ ಹೊತ್ತಿನಲ್ಲಿ ಬಾಗಿಲ ಮರೆಗೆ ಹೋಗಿ ನಿಂತೆ. ಚಿಗವ್ವ ಅಳುತ್ತಿರಲಿಲ್ಲ.

"ಹೊಟ್ಟಿ ಹೆಂಗೈತಿ ನಿಂದು?" ಎಂದಳು.

"ಛಲೋ ಐತಿ." ಆಮೇಲೆ ಕೇಳಿಯೇಬಿಟ್ಟೆ. "ನೀ ಏನರ ಹಾಕಿದ್ಯಾ ಚಿಗವ್ವಾ?"

ಅವಳು ಎಮ್ಮೆಗೆ ಒಂದು ಹಿಡಿ ಹುಲ್ಲು ಎಳೆದು ಹಾಕಿದಳು.

"ದಿನಾ ಎದುರಿಗೆ ಕುಂತು ನೋಡಿದಾಕಿ ನೀನ. ನನ್ನ ಕೇಳ್ತೀಯಲ್ಲ ತಂಗಿ."

ಅಷ್ಟೇ ಮಾತು. ಅವಳು ಹೋದರೆ ನನ್ನ ತಲೆ ಯಾರು ಬಾಚುತ್ತಾರೆ, ನಾನು ಯಾರ ಪಕ್ಕ ಮಲಗಲಿ ಎಂಬ ದುಃಖ ಒಂದು ಕಡೆ, ಅವಳು ಇದ್ದರೆ ಅಪ್ಪನೂ ಅಜ್ಜನ ಹಾಗೆ ಕಡ್ಡಿಯಾಗಿ ಸತ್ತರೆ ಎಂಬ ಭಯ ಇನ್ನೊಂದು ಕಡೆ. ಅಪ್ಪ ಕೆಮ್ಮಿದರೂ ಓಡಿ ಹೋಗಿ ನೋಡುತ್ತಿದ್ದೆ.

ಚಿಗವ್ವನ ಅಣ್ಣ ಪಂಪಣ್ಣ ಮಾವ ಬಂಡಿ ಹೂಡಿಕೊಂಡು ಬಂದ. ದೊಡ್ಡ ಆಳು, ಮೆಲುಮಾತು. ತೋಟದ ಕರಬೂಜಗಳನ್ನು ಹುಲ್ಲಿನಲ್ಲಿ ಸುತ್ತಿ ತಂದಿದ್ದ. ಅವನ್ನು ಬಂಡಿಯಿಂದ ಇಳಿಸಬೇಕೋ ಬೇಡವೋ ತಿಳಿಯದೆ ಅಲ್ಲೇ ಬಿಟ್ಟು ಒಳಗೆ ಬಂದು ಪಡಸಾಲೆಯ ಕಂಬಕ್ಕೆ ಒರಗಿ ಕೂತ. ಅಪ್ಪ ಕೂತ. ಕೆಂಡ ಕೇಳುವ ನೆಪದಲ್ಲಿ ತಿಪ್ಪಮ್ಮನೂ ಬಂದು ಬಾಗಿಲಲ್ಲಿ ನಿಂತಳು. ಚಿಗವ್ವ ಒಳಬಾಗಿಲ ಪಕ್ಕ ತಲೆ ತಗ್ಗಿಸಿ ನಿಂತಿದ್ದಳು.

"ಏನಾತ್ರಿ ಅತ್ತೀ? ನಮ್ಮ ಹುಡಿಗಿ ಏನ್ ತಪ್ಪು ಮಾಡ್ಯಾಳ?"

"ನಾ ಯಾಕ ಹೇಳ್ಲಿ? ಕಣ್ಣಿಲೆ ನೋಡ್ರಿ," ಎಂದು ಅಜ್ಜಿ ಬೋಗುಣಿಯನ್ನು ತಂದು ನಡುವೆ ಇಟ್ಟಳು. "ಅವತ್ತಿನಿಂದ ಯಾರ ಕೈಯೂ ತಾಗಗೊಟ್ಟಿಲ್ಲ. ಗಂಟು ನಾನ ಹಾಕಿದ್ದು."

ಗಂಟು ಬಿಚ್ಚಿದಳು, ಬಟ್ಟೆ ತೆಗೆದಳು, ಮುಚ್ಚಳ ಎತ್ತಿದಳು. ಕೆಟ್ಟ ಹುಳಿವಾಸನೆ ಎದ್ದಿತು. ಸೊಪ್ಪು ಕಪ್ಪಗೆ ಕೊಳೆತು ತಳ ಹಿಡಿದಿತ್ತು. ಅದರ ಮೇಲುಗಡೆ ಹಿತ್ತಾಳೆಯ ಗೋಡೆಗೆ ಸುತ್ತಲೂ ಬಳೆಯಂತೆ ಒಂದು ಪಟ್ಟಿ. ಅದರ ಬಣ್ಣ ಸೊಪ್ಪಿನ ಹಸಿರಲ್ಲ, ನವಿಲ ಕೊರಳಿನ ಹಸಿರು. ಬಾಗಿಲಲ್ಲಿದ್ದ ತಿಪ್ಪಮ್ಮ ಕತ್ತು ಚಾಚಿ ನೋಡಿದಳು. ಪಾತ್ರೆ ಬೆಳಗಿ ಬೆಳಗಿ ಮುದುಕಿಯಾದವಳು, ಬಾಯಿ ತಡೆಯಲಿಲ್ಲ.

"ಅಯ್ಯ ಶಿವನ! ಕಿಲುಬು ಹತ್ತೇತಲ್ಲ ಬೇ! ಕಲಾಯಿ ಇಲ್ಲದ ಹಿತ್ತಾಳ್ಯಾಗ ಹುಳಿ ಇಟ್ಟಾರ ಯಾರವ್ವ?"

ಅಂದ ಮೇಲೆ ಅವಳಿಗೆ ಅರಿವಾಗಿ ಸೆರಗು ಬಾಯಿಗೆ ಹಿಡಿದುಕೊಂಡಳು. ಅಜ್ಜಿ ಬೋಗುಣಿಯನ್ನು ಎತ್ತಿಕೊಂಡು ಬಾಗಿಲ ಬೆಳಕಿಗೆ ಹೋದಳು. ಉಗುರಿನಿಂದ ಆ ಹಸಿರನ್ನು ಕೆರೆದಳು, ಉಗುರು ನೋಡಿದಳು, ಮತ್ತೆ ಕೆರೆದಳು. ಒಳಗೆಲ್ಲಾದರೂ ಒಂದು ಚೂರು ಬಿಳುಪು ಉಳಿದಿದೆಯೇ ಎಂದು ತಿರುಗಿಸಿ ತಿರುಗಿಸಿ ನೋಡಿದಳು. ಉಳಿದಿರಲಿಲ್ಲ. ಕಲಾಯಿ ಹೋದ ಪಾತ್ರೆಗೆ ಹುಳಿ ಹಾಕಿದರೆ ಕಿಲುಬು ಎದ್ದು ವಿಷವಾಗುತ್ತದೆ ಎಂದು ನನಗೆ ಹೇಳಿಕೊಟ್ಟವಳೇ ಅವಳು. ಮದ್ದನ್ನು ಹುಡುಕುವ ಭರದಲ್ಲಿ ಅದು ಅವಳ ಕಣ್ಣಿಗೆ ಬಿದ್ದಿರಲಿಲ್ಲ. ಬೋಗುಣಿಯನ್ನು ಕಟ್ಟೆಯ ಮೇಲೆ ಇಟ್ಟು, ಬೆನ್ನು ತಿರುಗಿಸಿಕೊಂಡೇ ಹೇಳಿದಳು.

"ತಿಕ್ಕಿದ್ದು ಭಾಳಾತು."

ಆಮೇಲೆ, ಏನೂ ಆಗಿಯೇ ಇಲ್ಲವೆಂಬಂತೆ, "ನೀಲವ್ವಾ, ನಿಮ್ಮಣ್ಣ ದೂರದಿಂದ ಬಂದಾನ. ಕೈಕಾಲು ತೊಳಕೊಂಡು ಒಲಿ ಹಚ್ಚು," ಎಂದಳು.

ಪಂಪಣ್ಣ ಮಾವ ಎದ್ದು ನಿಂತ. ದನಿ ಏರಿಸಲಿಲ್ಲ.

"ಬ್ಯಾಡ್ರಿ ಅತ್ತೀ. ಒಲಿ ಹಚ್ಚೋದು ಬ್ಯಾಡ. ನೀವು ಕರಕೊಂಡು ಹೋಗ್ರಿ ಅಂತ ಹೇಳಿ ಕಳಿಸಿದ್ರಿ, ನಾ ಬಂಡಿ ಹೂಡಿಕೊಂಡು ಬಂದೀನಿ. ಇವತ್ತು ಕಿಲುಬು. ನಾಳಿ ಮತ್ತೊಂದು ಬಂದರ ಮತ್ತ ಎಮ್ಮಿ ಚಪ್ಪರದಾಗ ಕುಂದ್ರಬೇಕಾ ಈಕಿ? ನೀಲಾ, ಸೀರಿ ಗಂಟು ಕಟ್ಟು ಹೋಗು."

ಅವಳು ಹೋಗಬೇಕಾದದ್ದು ತಪ್ಪಿನಿಂದ ಎಂದಿದ್ದಾಗ ಒಂದು ರೀತಿ, ತಪ್ಪಿಲ್ಲದೆ ಹೋಗುವುದು ಇನ್ನೊಂದು ರೀತಿ. ಚಿಗವ್ವ ಅಣ್ಣನನ್ನು ನೋಡಿದಳು, ಅಪ್ಪನನ್ನು ನೋಡಿದಳು. ಆಮೇಲೆ ಅಜ್ಜಿಯ ಬೆನ್ನಿಗೆ ಹೇಳಿದಳು.

"ನಾ ಇರ್ತೀನ್ರಿ. ಒಂದು ಮಾತು ನಡಸ್ರಿ. ಪಚಡಿ ಮಾಡಿದ ಕೈಲೆ ನಾನ ಬಡಸ್ತೀನಿ. ಈ ಹುಡಿಗಿನ್ನ ನನ್ನ ಕೈ ಮುಂದ ಕುಂದ್ರಸಬ್ಯಾಡ್ರಿ. ಅದು ನನ್ನ ಮಾರಿ ನೋಡೋದ ಮರ್ತೈತಿ."

ಅಜ್ಜಿ ತಿರುಗಲಿಲ್ಲ. ಹೊರಗೆ ಎತ್ತಿನ ಕೊರಳ ಗಂಟೆ ಅಲುಗುತ್ತಿತ್ತು.

"ಅವ್ವಾ," ಎಂದ ಅಪ್ಪ. ಅವನ ದನಿ ಅವನಿಗೇ ಹೊಸದಾದಂತಿತ್ತು. "ಆಕಿ ಹೇಳಿದಂಗ ಆಗ್ಲಿ. ಆಗಂಗಿಲ್ಲ ಅಂದ್ರ, ಅದ ಬಂಡ್ಯಾಗ ನಾನೂ ಹತ್ತತೀನಿ."

ಅಜ್ಜಿ ಹೊರಗೆ ನೋಡುತ್ತಲೇ "ಬಂಡಿ ಬಿಚ್ಚಸ್ರಿ. ಬಿಸಿಲಾಗ ಎತ್ತು ನಿಂತಾವು," ಎಂದಳು. ತಿಪ್ಪಮ್ಮ ಕೆಂಡ ಮರೆತು ಹೋದಳು.

ಬೋಗುಣಿ ಕಲಾಯಿಗೆ ಹೋಯಿತು, ನನ್ನ ಕಾವಲು ಮುಗಿಯಿತು. ಮಾರನೆಯ ದಿನ ಊಟದ ಹೊತ್ತಿಗೆ ಚಿಗವ್ವ ಅಡುಗೆಮನೆಯಲ್ಲಿ ಒಬ್ಬಳೇ ಹೆಚ್ಚುತ್ತಿದ್ದಳು. ನಾನು ಹೊಸ್ತಿಲ ಹೊರಗೆ ನಿಂತು, ಈಳಿಗೆಯ ಸಪ್ಪಳ ಕೇಳುತ್ತಾ, ಇದು ಸೌತೆ, ಇದು ಸೊಪ್ಪು ಎಂದು ಎಣಿಸುತ್ತಿದ್ದೆ. ಒಳಗೆ ಹೋಗಲು ಇನ್ನು ನನಗೆ ಯಾವ ಕಾರಣವೂ ಇರಲಿಲ್ಲ. ಅತ್ತ ಕೋಣೆಯಲ್ಲಿ ಅಜ್ಜಿಯೂ ಕಣ್ಣು ಮುಚ್ಚಿಕೊಂಡು ಅದೇ ಸಪ್ಪಳ ಕೇಳುತ್ತಿದ್ದಳು ಎಂದು ನನಗೆ ಗೊತ್ತು. ಅವಳು ಸಾಯುವ ತನಕ ಸೊಸೆ ಹೆಚ್ಚಿದ ಸೊಪ್ಪು ತಿನ್ನಲಿಲ್ಲ. ಆದರೆ ಅದರ ಬಗ್ಗೆ ಮತ್ತೆ ಮಾತೂ ಎತ್ತಲಿಲ್ಲ.

"ಏ ಗಿರಿಜಾ, ಅಲ್ಲೇನ್ ನಿಂತೀ? ಬಾ ಇಲ್ಲಿ. ಕರಬೂಜದ ಬೀಜ ತಗಿ," ಎಂದು ಚಿಗವ್ವ ಒಳಗಿನಿಂದ ಕರೆದಳು.

ಹೋಗಿ ಅವಳ ಮಗ್ಗುಲಿಗೆ ಕೂತೆ. ಬೆಳಕಿಂಡಿಯ ಬಿಸಿಲು ಇಬ್ಬರ ಮೊಣಕಾಲ ಮೇಲೂ ಬಿದ್ದಿತ್ತು. ಕರಬೂಜದ ಹೋಳು, ಸೌತೆ, ಕೊತ್ತಂಬರಿ, ಉಪ್ಪು. ಅವಳು ಕಲಸಿ, ಉಪ್ಪು ಸಾಕೇ ನೋಡು ಎಂದು ಒಂದು ಚಿಟಿಕೆ ತೆಗೆದು ನನ್ನ ಬಾಯಿಯ ಹತ್ತಿರ ಹಿಡಿದಳು. ಬಾಯಿ ತೆರೆಯುವ ಮುಂಚೆ ನನ್ನ ಕಣ್ಣು ತಾನಾಗಿಯೇ ಅವಳ ಬೆರಳಿನ ಮೇಲೆ ಇಳಿಯಿತು. ಹಸಿರು, ಹಳದಿ, ನೀರಿನ ಹನಿ, ಉಗುರು. ಅವಳು ಕೈ ಹಿಂದಕ್ಕೆ ತೆಗೆಯಲಿಲ್ಲ. ನಾನು ನೋಡಿ ಮುಗಿಸುವ ತನಕ ಹಾಗೆಯೇ ಹಿಡಿದುಕೊಂಡಿದ್ದಳು.

"ನೋಡಿದ್ಯಾ?" ಎಂದಳು. "ಈಗ ತಿನ್ನು."